ಬಾಲ್ಟಿಮೋರಿನಲ್ಲಿ ಒಂದು ಕೋಟೆ, ಒಂದು ಚೆಂಡಾಟ

ನಮ್ಮಲ್ಲಿ ಪ್ರವಾಸದ ದಿನವನ್ನು ಗೊತ್ತುಮಾಡುವುದು ಮಕ್ಕಳ ಶಾಲೆಯ ರಜೆ, ಇಲ್ಲವೆ ಯಾವುದಾದರೊಂದು ಊರಿನ ರಥೋತ್ಸವ. ಅಮೆರಿಕದಲ್ಲಿ ಎಷ್ಟೋ ಸಂಸಾರಗಳ ಪಾಲಿಗೆ ಅದನ್ನು ಗೊತ್ತುಮಾಡುವುದು ಬೇಸ್‌ಬಾಲ್ ಪಂದ್ಯಗಳ ವೇಳಾಪಟ್ಟಿ. ಮೊದಲು ಪಂದ್ಯಕ್ಕೆ ಟಿಕೆಟು. ಆಮೇಲೆ ಅದರ ಹಿಂದುಮುಂದಿನ ಗಂಟೆಗಳಲ್ಲಿ ಊರು. ಈ ಕ್ರಮ ವಿಚಿತ್ರವಾಗಿ ಕಂಡರೂ ಅದರಲ್ಲಿ ಒಂದು ಅನುಕೂಲವಿದೆ. ಸಂಜೆ ಇಂಥ ಹೊತ್ತಿಗೆ ಇಂಥ ಕಡೆ ಇರಲೇಬೇಕು ಎಂದಾದಾಗ, ಹಗಲಿನಲ್ಲಿ ಯಾವುದನ್ನು ನೋಡಬೇಕು, ಯಾವುದನ್ನು ಬಿಡಬೇಕು ಎಂಬುದು ತಾನಾಗಿಯೇ ತೀರ್ಮಾನವಾಗುತ್ತದೆ.

ಹೀಗೆ ನೋಡತಕ್ಕ ಊರುಗಳಲ್ಲಿ ಮೇರಿಲ್ಯಾಂಡ್ ಸಂಸ್ಥಾನದ ಬಾಲ್ಟಿಮೋರ್ ಒಂದು. ವಾಷಿಂಗ್ಟನ್ನಿಗೆ ಕೇವಲ 40 ಮೈಲಿ ದೂರವಿರುವುದೇ ಅದರ ದುರದೃಷ್ಟ. ರಾಜಧಾನಿಯ ಸುತ್ತಮುತ್ತ ನೆಲೆಸಿದ ಮಕ್ಕಳ ಮನೆಗೆ ಬೇಸಗೆಯಲ್ಲಿ ಬಂದಿಳಿಯುವ ಕನ್ನಡದ ತಾಯಿತಂದೆಗಳು ಶ್ವೇತಭವನವನ್ನು ಕಾಣುತ್ತಾರೆ, ನ್ಯೂಯಾರ್ಕಿಗೆ ಹೋಗುತ್ತಾರೆ, ನಯಾಗರಾಕ್ಕೂ ಹೋಗುತ್ತಾರೆ. ನಡುವೆ ಸಿಗುವ ಈ ಹಳೆಯ ರೇವುಪಟ್ಟಣವನ್ನು ಹೆದ್ದಾರಿಯ ಫಲಕದ ಮೇಲಿನ ಹೆಸರಾಗಿ ಮಾತ್ರ ಬಲ್ಲರು. ಆದರೆ ಕನ್ನಡಿಗರಿಗೆ ಅಲ್ಲಿ ನೋಡಬೇಕಾದದ್ದು ಒಂದುಂಟು. ಅದನ್ನು ನೋಡಿದ ಮೇಲೆ ಪಂದ್ಯಕ್ಕೆ ಹೋಗುವುದಕ್ಕೂ, ನೋಡದೆ ಹೋಗುವುದಕ್ಕೂ ಬಹಳ ಅಂತರವಿದೆ.

ಮೊದಲು ದಿನದ ಮಾತು. ಬೇಸ್‌ಬಾಲ್ ಋತು ಮಾರ್ಚ್ ಕೊನೆಯ ವಾರದಿಂದ ಸೆಪ್ಟೆಂಬರ್ ಕೊನೆಯವರೆಗೆ. ಬಾಲ್ಟಿಮೋರಿನ ತಂಡವಾದ ಓರಿಯೋಲ್ಸ್ ಆಡುವ 162 ಪಂದ್ಯಗಳಲ್ಲಿ 81 ಮಾತ್ರ ಸ್ವಂತ ಮೈದಾನದಲ್ಲಿ ನಡೆಯುವುದರಿಂದ, ವಾರಗಟ್ಟಲೆ ಮೈದಾನ ಬರಿದಾಗಿರುವುದುಂಟು. ಏಪ್ರಿಲಿನ ರಾತ್ರಿಗಳಲ್ಲಿ ಚಳಿ, ಜುಲೈ ಆಗಸ್ಟಿನ ಮಧ್ಯಾಹ್ನಗಳಲ್ಲಿ ಮಂಗಳೂರನ್ನು ನೆನಪಿಗೆ ತರುವ ಸೆಕೆ. ವಯಸ್ಸಾದವರು ಜೊತೆಗಿದ್ದರೆ ಮೇ ಅಥವಾ ಸೆಪ್ಟೆಂಬರ್ ಲೇಸು. ಭಾನುವಾರದ ಆಟ ಸಾಮಾನ್ಯವಾಗಿ ಮಧ್ಯಾಹ್ನವೇ ಮೊದಲಾಗಿ ಹಗಲನ್ನೆಲ್ಲ ನುಂಗಿಬಿಡುತ್ತದೆ. ಶನಿವಾರದ ಸಂಜೆಯ ಆಟವಾದರೆ ಮುಂಚೆ ಒಂದು ಹಗಲು, ಮಾರನೆಯ ದಿನ ಇನ್ನೊಂದು ಹಗಲು ದಕ್ಕುತ್ತದೆ. ರೈಲಿನಲ್ಲಿ ಬರುವವರು ಒಂದು ಸಂಗತಿಯನ್ನು ಗಮನಿಸಬೇಕು. ಮೈದಾನದ ಬಾಗಿಲಿಗೇ ತಂದು ಬಿಡುವ ಕ್ಯಾಮ್ಡೆನ್ ಮಾರ್ಗದ ರೈಲು ವಾರದ ದುಡಿಮೆಯ ದಿನಗಳಲ್ಲಿ ಮಾತ್ರ ಓಡುತ್ತದೆ. ಶನಿವಾರ ಭಾನುವಾರಗಳಲ್ಲಿ ಊರಿನ ಉತ್ತರಕ್ಕಿರುವ ಪೆನ್ ನಿಲ್ದಾಣದಲ್ಲಿ ಇಳಿಯಬೇಕು.

ಶನಿವಾರ ಬೆಳಿಗ್ಗೆ ಮೊದಲು ಹೋಗತಕ್ಕದ್ದು ಫೋರ್ಟ್ ಮೆಕ್‌ಹೆನ್ರಿ ಕೋಟೆಗೆ. ಬಂದರಿನ ಬಾಯಲ್ಲಿ ನೀರಿಗೆ ಚಾಚಿಕೊಂಡ ನೆಲದ ತುದಿಯಲ್ಲಿ, ಐದು ಮೂಲೆಗಳ ನಕ್ಷತ್ರದ ಆಕಾರದಲ್ಲಿ, ಇಟ್ಟಿಗೆಯಿಂದ ಕಟ್ಟಿದ ಪುಟ್ಟ ಕೋಟೆ ಇದು. ಚಿತ್ರದುರ್ಗವನ್ನು ಕಂಡವರಿಗೆ ಕೋಟೆ ಎನ್ನಲೂ ಸಂಕೋಚವಾದೀತು. ಊರಿನ ನಡುವಿನಿಂದ ಸುಮಾರು ಮೂರು ಮೈಲಿ. ನಗರದ ಬಸ್ಸೊಂದು ಅಲ್ಲಿಯವರೆಗೆ ಹೋಗುತ್ತದೆ. ಬೆಳಿಗ್ಗೆ ಬೇಗ ಹೋದವರಿಗೆ, ಗಾಳಿ ಅನುಕೂಲವಾಗಿದ್ದರೆ, ದೊಡ್ಡ ಧ್ವಜವನ್ನು ಏರಿಸುವಾಗ ಅದರ ಅಂಚನ್ನು ಹಿಡಿಯುವ ಭಾಗ್ಯವೂ ಸಿಗುತ್ತದೆ. ನೆಲಕ್ಕೆ ತಾಗದಂತೆ ಹಿಡಿಯಲು ಹತ್ತಾರು ಕೈಗಳು ಬೇಕಾಗುವುದರಿಂದ ಅಲ್ಲಿನ ಸಿಬ್ಬಂದಿ ಬಂದವರನ್ನೇ ಕರೆಯುತ್ತಾರೆ. ಮಕ್ಕಳಿಗೆ ಇದಕ್ಕಿಂತ ಹಿಗ್ಗು ಬೇರೆ ಬೇಕಿಲ್ಲ.

1814ರ ಆಗಸ್ಟಿನಲ್ಲಿ ಬ್ರಿಟಿಷರು ವಾಷಿಂಗ್ಟನ್ನಿಗೆ ನುಗ್ಗಿ ಅಧ್ಯಕ್ಷರ ಭವನಕ್ಕೂ ಸಂಸತ್ತಿಗೂ ಬೆಂಕಿಯಿಟ್ಟರು. ಮೂರು ವಾರಗಳ ಬಳಿಕ, ಸೆಪ್ಟೆಂಬರ್ 13ರ ಮುಂಜಾನೆ, ಅವರ ಹಡಗುಗಳು ಈ ಕೋಟೆಯ ಮುಂದೆ ನಿಂತವು. ಸುಮಾರು 25 ಗಂಟೆಗಳ ಕಾಲ ಬಾಂಬುಗಳ ಮಳೆ ಸುರಿಯಿತು. ಕೋಟೆಯ ಫಿರಂಗಿಗಳ ಗುರಿಗೆ ಸಿಕ್ಕದಷ್ಟು ದೂರದಲ್ಲಿ ಹಡಗುಗಳು ನಿಂತಿದ್ದುದರಿಂದ ಒಳಗಿದ್ದವರು ಬಹುಮಟ್ಟಿಗೆ ಸುಮ್ಮನೆ ಸಹಿಸಿಕೊಂಡು ಕುಳಿತಿರಬೇಕಾಯಿತು. ಫ್ರಾನ್ಸಿಸ್ ಸ್ಕಾಟ್ ಕೀ ಎಂಬ ವಕೀಲರು ಸೆರೆಯಾಳೊಬ್ಬರನ್ನು ಬಿಡಿಸಿಕೊಳ್ಳಲು ಬ್ರಿಟಿಷರ ಬಳಿಗೆ ಹೋಗಿ, ಕಾಳಗ ಮುಗಿಯುವವರೆಗೆ ಹಿಂದಿರುಗಲು ಅಪ್ಪಣೆಯಿಲ್ಲದೆ, ಹಡಗಿನ ಮೇಲಿಂದಲೇ ರಾತ್ರಿಯೆಲ್ಲ ಅದನ್ನು ನೋಡಿದರು. ಬೆಳಗಾದಾಗ ಕೋಟೆಯ ಮೇಲೆ ತಮ್ಮ ನಾಡಿನ ಬಾವುಟವೇ ಹಾರುತ್ತಿತ್ತು. ಆ ಸಂತೋಷದಲ್ಲಿ ಅವರು ಬರೆದ ಪದ್ಯ, ಇಂಗ್ಲೆಂಡಿನ ಒಂದು ಸಂಗೀತ ಕೂಟದ ಹಾಡಿನ ಮಟ್ಟಿಗೆ ಹೊಂದಿ, 1931ರಲ್ಲಿ ಅಮೆರಿಕದ ರಾಷ್ಟ್ರಗೀತೆಯಾಯಿತು. ಸ್ವಾತಂತ್ರ್ಯವನ್ನು ಹಾಡಿದ ಈ ವಕೀಲರು ಮನೆಯಲ್ಲಿ ಗುಲಾಮರನ್ನು ಇಟ್ಟುಕೊಂಡಿದ್ದರೆಂಬುದನ್ನೂ ಇಲ್ಲಿ ಹೇಳದೆ ಬಿಡುವಂತಿಲ್ಲ.

ಆ ಗೀತೆಯ ಮೊದಲ ಪದ್ಯದಲ್ಲಿಯೇ ರಾಕೆಟ್ಟುಗಳ ಪ್ರಸ್ತಾಪ ಬರುತ್ತದೆ. ಅವು ಎಲ್ಲಿಂದ ಬಂದವು?

ಹೈದರಾಲಿ ಮತ್ತು ಟಿಪ್ಪುವಿನ ಸೈನ್ಯದಲ್ಲಿ ಬಾಣದ ಪಡೆಯೆಂಬುದೊಂದು ಇತ್ತು. ಕಬ್ಬಿಣದ ಕೊಳವೆಯಲ್ಲಿ ಮದ್ದು ತುಂಬಿ ಬಿದಿರಿನ ಗಳುವಿಗೋ ಕತ್ತಿಯ ಅಲಗಿಗೋ ಕಟ್ಟಿ ಹಾರಿಸುತ್ತಿದ್ದ ಆ ಅಗ್ನಿಬಾಣಗಳು ಯೂರೋಪಿನ ಕಾಗದದ ಕೊಳವೆಯ ಬಾಣಗಳಿಗಿಂತ ಬಹಳ ದೂರ ಹೋಗುತ್ತಿದ್ದವು. 1780ರಲ್ಲಿ ಪೊಳ್ಳಿಲೂರಿನ ಕದನದಲ್ಲಿ ಅವುಗಳ ರುಚಿಯನ್ನು ಕಂಪನಿಯ ಸೈನ್ಯ ಚೆನ್ನಾಗಿಯೇ ಕಂಡಿತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಕೈಸೆರೆಯಾದ ಬಾಣಗಳಲ್ಲಿ ಕೆಲವು ಇಂಗ್ಲೆಂಡಿನ ವುಲ್ವಿಚ್ ಶಸ್ತ್ರಾಗಾರಕ್ಕೆ ಹೋದವು. ಅವುಗಳ ಪ್ರೇರಣೆಯಿಂದ ವಿಲಿಯಂ ಕಾಂಗ್ರೀವ್ ತನ್ನ ರಾಕೆಟ್ಟುಗಳನ್ನು ರೂಪಿಸಿದ. ಬಾಲ್ಟಿಮೋರಿನ ಮೇಲೆ ಎರೆಬಸ್ ಎಂಬ ಹಡಗು ಹಾರಿಸಿದ್ದು ಕಾಂಗ್ರೀವನ ಈ ರಾಕೆಟ್ಟುಗಳನ್ನೇ. ಕಾವೇರಿಯ ದ್ವೀಪದಿಂದ ಪಟಾಪ್ಸ್ಕೊ ನದಿಯ ದಡಕ್ಕೆ ಆ ಕಿಡಿ ಹಾರಲು ಬೇಕಾದದ್ದು ಕೇವಲ 15 ವರ್ಷ.

ಸೋತವನ ಆಯುಧವನ್ನು ಗೆದ್ದವನು ಎತ್ತಿಕೊಂಡು, ತನಗೆ ತಲೆಬಾಗದ ಇನ್ನೊಂದು ಜನದ ಮೇಲೆ ಪ್ರಯೋಗಿಸಿದ. ಅವರು ತಲೆಬಾಗದೆ ಉಳಿದು, ಅದನ್ನೇ ಹಾಡಾಗಿ ಹಾಡಿಕೊಂಡರು. ರಾಕೆಟ್ಟುಗಳಿಂದ ಕೋಟೆಗೆ ಹೇಳಿಕೊಳ್ಳುವಂಥ ಹಾನಿಯೇನೂ ಆಗಲಿಲ್ಲವೆಂಬುದು ಬೇರೆಯ ಮಾತು. 1781ರಲ್ಲಿ ಯಾರ್ಕ್‌ಟೌನಿನಲ್ಲಿ ಅಮೆರಿಕನ್ನರಿಗೆ ಶರಣಾದ ಕಾರ್ನ್‌ವಾಲಿಸನೇ 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆಯಿಟ್ಟುಕೊಂಡವನು. ಈ ಎರಡು ಚರಿತ್ರೆಗಳ ದಾರಗಳು ಹೀಗೆ ಒಂದಲ್ಲ, ಹಲವು ಕಡೆ ಗಂಟುಬಿದ್ದಿವೆ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ ಹಾಳುಬಾವಿಯೊಂದನ್ನು ಅಗೆದಾಗ ಇಂಥ ಸಾವಿರಕ್ಕೂ ಹೆಚ್ಚು ಕಬ್ಬಿಣದ ಕೊಳವೆಗಳು ತುಕ್ಕುಹಿಡಿದು ಸಿಕ್ಕಿದುದನ್ನು ಓದುಗರು ಮರೆತಿರಲಾರರು.

ಕೋಟೆಯ ದಿಬ್ಬದ ಮೇಲೆ ನಿಂತು ನದಿಯ ಕೆಳಗಡೆಗೆ ನೋಡಿದರೆ ಮೊದಲು ದೂರದಲ್ಲಿ ಕೀ ಅವರ ಹೆಸರಿನ ಉದ್ದನೆಯ ಸೇತುವೆ ಕಾಣುತ್ತಿತ್ತು. 2024ರ ಮಾರ್ಚ್ 26ರ ನಡುರಾತ್ರಿಯ ಮೇಲೆ ಸರಕುಹಡಗೊಂದು ಅದರ ಕಂಬಕ್ಕೆ ಬಡಿದು ಸೇತುವೆ ಕುಸಿಯಿತು. ಮೇಲೆ ರಸ್ತೆಯ ಗುಂಡಿ ಮುಚ್ಚುತ್ತಿದ್ದ ಆರು ಮಂದಿ ಕೂಲಿಗಳು ಪ್ರಾಣ ಕಳೆದುಕೊಂಡರು.

ಮಧ್ಯಾಹ್ನ ಊರೊಳಕ್ಕೆ ಹಿಂದಿರುಗಿ, ಮೈದಾನದಿಂದ ಕೂಗಳತೆಯ ದೂರದ ಎಮೊರಿ ಬೀದಿಯಲ್ಲಿ ಬೇಬ್ ರೂತ್ ಹುಟ್ಟಿದ ಮನೆಯನ್ನು ನೋಡಬಹುದು. ಬೇಸ್‌ಬಾಲಿನಲ್ಲಿ ರೂತನ ಸ್ಥಾನ ಕ್ರಿಕೆಟ್ಟಿನಲ್ಲಿ ಬ್ರಾಡ್‌ಮನ್ನನದು. 1895ರಲ್ಲಿ ಹುಟ್ಟಿದ ಈ ಪುಂಡ ಹುಡುಗನನ್ನು ತಾಯಿತಂದೆಗಳು ಏಳನೆಯ ವಯಸ್ಸಿನಲ್ಲಿಯೇ ಪಾದ್ರಿಗಳು ನಡೆಸುತ್ತಿದ್ದ ಶಾಲೆಗೆ ಒಪ್ಪಿಸಿದರು. ಅಲ್ಲಿಯೇ ಆಟ ಕಲಿತ. ಅವನ ತಂದೆ ನಡೆಸಿದ ಹೆಂಡದಂಗಡಿಗಳಲ್ಲಿ ಒಂದು ಈಗಿನ ಮೈದಾನದ ನಡುಹಿಂಬದಿಯ ಜಾಗದಲ್ಲಿಯೇ ಇತ್ತು. ಮನೆಯಿಂದ ಮೈದಾನದವರೆಗೆ ಕಾಲುದಾರಿಯ ಮೇಲೆ ಬರೆದ ಚೆಂಡುಗಳ ಗುರುತು ಹಿಡಿದು ನಡೆದರೆ ದಾರಿ ಕೇಳಬೇಕಾದ್ದಿಲ್ಲ.

ಕ್ಯಾಮ್ಡೆನ್ ಯಾರ್ಡ್ಸ್ ಎಂಬ ಆ ಮೈದಾನ ತೆರೆದದ್ದು 1992ರ ಏಪ್ರಿಲಿನಲ್ಲಿ. ಅದಕ್ಕೆ ಮುಂಚಿನ ಎರಡು ಮೂರು ದಶಕಗಳಲ್ಲಿ ಅಮೆರಿಕನ್ನರು ಕಟ್ಟಿದ್ದ ಕ್ರೀಡಾಂಗಣಗಳು ಬಹುಪಾಲು ಕಾಂಕ್ರೀಟಿನ ದುಂಡು ಬಟ್ಟಲುಗಳು. ಯಾವ ಊರಿನಲ್ಲಿದ್ದೇವೆಂಬುದೂ ಒಳಗೆ ಕುಳಿತವರಿಗೆ ತಿಳಿಯುತ್ತಿರಲಿಲ್ಲ. ಬಾಲ್ಟಿಮೋರಿನವರು ಸಾವಿರ ಅಡಿಗೂ ಉದ್ದದ ಹಳೆಯ ರೈಲ್ವೆ ಉಗ್ರಾಣವನ್ನು ಕೆಡವದೆ, ಅದನ್ನೇ ಬಲಬದಿಯ ಗೋಡೆಯೋ ಎಂಬಂತೆ ಉಳಿಸಿಕೊಂಡು, ಊರಿನ ನಡುವೆಯೇ ಇಟ್ಟಿಗೆ ಮತ್ತು ಉಕ್ಕಿನ ಮೈದಾನ ಕಟ್ಟಿದರು. ಆಮೇಲೆ ಊರೂರಿನವರು ಇದನ್ನು ಅನುಕರಿಸಿದರು. ಮೇಲಟ್ಟದಲ್ಲಿ ಮೂರನೆಯ ಗೂಟದ ಬದಿಯ ಆಸನಗಳನ್ನು ಆರಿಸಿಕೊಳ್ಳುವುದು ಜಾಣತನ: ಇಳಿಬಿಸಿಲು ಬೆನ್ನ ಹಿಂದಕ್ಕೆ ಬೀಳುತ್ತದೆ, ಉಗ್ರಾಣ ಎದುರಿಗೆ ಕಾಣುತ್ತದೆ, ಬೆಲೆಯೂ ಕಡಿಮೆ. ಸಸ್ಯಾಹಾರಿಗಳಿಗೆ ಒಳಗೆ ಹೆಚ್ಚೇನೂ ಸಿಕ್ಕದು. ಆದರೆ ಹೊರಗಿನ ತಿಂಡಿಗೆ ಬಹುಕಾಲದಿಂದ ಅವಕಾಶ ಕೊಟ್ಟುಬಂದ ಮೈದಾನವಿದು. ಆ ದಿನದ ನಿಯಮವನ್ನು ವಿಚಾರಿಸಿಕೊಂಡು ಪುಳಿಯೋಗರೆ ಕಟ್ಟಿಕೊಂಡು ಹೋದರೆ ಯಾರೂ ನಗುವುದಿಲ್ಲ.

ಆಟ ಅರ್ಥವಾಗದೆಂಬ ಭಯ ಬೇಡ. ಒಂಬತ್ತು ಸರದಿ, ಪ್ರತಿ ಸರದಿಯಲ್ಲಿ ಎರಡು ತಂಡಕ್ಕೂ ಮೂರು ಮೂರು ಔಟು. ಕ್ರಿಕೆಟ್ಟಿನಂತೆ ಸುತ್ತಲೂ ಹೊಡೆಯುವಂತಿಲ್ಲ. ಎರಡು ಗೆರೆಗಳ ನಡುವೆಯೇ ಹೊಡೆಯಬೇಕು. ಸಮಸಮನಾದರೆ ಒಬ್ಬರು ಗೆಲ್ಲುವವರೆಗೆ ಆಟ ನಿಲ್ಲದು. ಮೂರು ಗಂಟೆ ಮೀರುತ್ತಿದ್ದ ಪಂದ್ಯ, 2023ರಲ್ಲಿ ಎಸೆತಗಾರನಿಗೆ ಗಡಿಯಾರವಿಟ್ಟ ಮೇಲೆ, ಸಾಮಾನ್ಯವಾಗಿ ಎರಡೂಮುಕ್ಕಾಲು ಗಂಟೆಯೊಳಗೆ ಮುಗಿಯುತ್ತದೆ. ಉಗ್ರಾಣದ ಗೋಡೆಗೂ ಒಂದು ಕಥೆಯುಂಟು. ಲೂ ಗೆರಿಗ್ ಎಂಬ ಆಟಗಾರ ಒಂದನ್ನೂ ತಪ್ಪಿಸದೆ 2,130 ಪಂದ್ಯಗಳನ್ನು ಸತತವಾಗಿ ಆಡಿದ್ದ ದಾಖಲೆ 1939ರಿಂದ ಅಲುಗದೆ ನಿಂತಿತ್ತು. ಮೇರಿಲ್ಯಾಂಡಿನವನೇ ಆದ ಕ್ಯಾಲ್ ರಿಪ್ಕನ್ 1995ರ ಸೆಪ್ಟೆಂಬರ್ 6ರಂದು ಅದನ್ನು ದಾಟಿದ. ಐದನೆಯ ಸರದಿಯ ಮೊದಲರ್ಧ ಮುಗಿಯುತ್ತಲೇ ಉಗ್ರಾಣದ ಮೇಲೆ ತೂಗಿಬಿಟ್ಟಿದ್ದ ಅಂಕಿ 2,131ಕ್ಕೆ ಬದಲಾಯಿತು. ಆಟ 22 ನಿಮಿಷ ನಿಂತಿತು. ಅವನು ಮೈದಾನವನ್ನು ಒಂದು ಸುತ್ತು ಬಂದು ಜನರ ಕೈಕುಲುಕಿದ. ದೊಡ್ಡ ಹೊಡೆತವಲ್ಲ, ದಿನದಿನವೂ ಕೆಲಸಕ್ಕೆ ಹಾಜರಾದದ್ದೇ ಅವನ ಸಾಧನೆ. ದುಡಿಮೆಗಾರರ ಊರಿಗೆ ಅದು ಮೆಚ್ಚಿಕೆಯಾದುದರಲ್ಲಿ ಆಶ್ಚರ್ಯವಿಲ್ಲ.

ಪಂದ್ಯಕ್ಕೆ ಮುಂಚೆ ಎಲ್ಲರೂ ಎದ್ದು ನಿಂತು ಟೋಪಿ ತೆಗೆಯುತ್ತಾರೆ. ಎರಡನೆಯ ಮಹಾಯುದ್ಧದ ಕಾಲದಿಂದ ಪ್ರತಿ ಬೇಸ್‌ಬಾಲ್ ಪಂದ್ಯಕ್ಕೂ ರಾಷ್ಟ್ರಗೀತೆಯೇ ನಾಂದಿ. ಬಾಲ್ಟಿಮೋರಿನವರು ಹಾಡಿನ ಕೊನೆಯ ಭಾಗದಲ್ಲಿ ಬರುವ ಒಂದು 'ಓ'ಕಾರವನ್ನು, ಓರಿಯೋಲ್ಸ್ ತಂಡದ ಮೊದಲಕ್ಷರವೆಂದು, ಒಕ್ಕೊರಲಿನಿಂದ ಕೂಗುವುದು ವಾಡಿಕೆ, ಹೊಸಬರು ಬೆಚ್ಚಿಬೀಳುತ್ತಾರೆ. ಆದರೆ ಬೆಳಿಗ್ಗೆ ಕೋಟೆಯನ್ನು ನೋಡಿ ಬಂದ ಕನ್ನಡಿಗರ ಕಿವಿ ನಿಮಿರುವುದು ಅದಕ್ಕೂ ಮುಂಚೆ, ರಾಕೆಟ್ಟುಗಳ ಮಾತು ಬಂದಾಗ. ಆ ಸಾಲನ್ನು ಹಾಡುವ ಸಾವಿರಾರು ಜನರಲ್ಲಿ ಶ್ರೀರಂಗಪಟ್ಟಣದ ಹೆಸರು ಕೇಳಿದವರು ಎಷ್ಟು ಮಂದಿ ಇದ್ದಾರು? ಕೋಟೆಯನ್ನು ಮಾರನೆಯ ದಿನಕ್ಕೆ ಮುಂದೂಡಬಾರದೆನ್ನುವುದು ಈ ಒಂದು ನಿಮಿಷಕ್ಕಾಗಿ.

ಭಾನುವಾರಕ್ಕೆ ಅವಸರ ಬೇಡ. ಬಂದರಿನ ಅಂಚಿನ ಮತ್ಸ್ಯಾಲಯ ಹೆಸರುವಾಸಿಯಾದದ್ದೇ, ಆದರೆ ಟಿಕೆಟ್ಟು ದುಬಾರಿ, ಅರ್ಧ ದಿನವೂ ಬೇಕು. ಮಕ್ಕಳು ಹಟ ಹಿಡಿಯದಿದ್ದರೆ ಬಿಡಬಹುದು. ಪಕ್ಕದ ಫೆಲ್ಸ್ ಪಾಯಿಂಟಿನ ಕಲ್ಲುಹಾಸಿನ ಬೀದಿಗಳಲ್ಲಿ ನಡೆಯುವುದಕ್ಕೆ ಹಣ ಬೇಕಿಲ್ಲ. ಗುಲಾಮನಾಗಿ ಹುಟ್ಟಿ ಮಹಾ ವಾಗ್ಮಿಯಾದ ಫ್ರೆಡರಿಕ್ ಡಗ್ಲಸ್ ಇಲ್ಲಿನ ಹಡಗುಕಟ್ಟೆಗಳಲ್ಲಿ ದುಡಿದು, 1838ರಲ್ಲಿ ನಾವಿಕನ ವೇಷದಲ್ಲಿ ಇದೇ ಊರಿನಿಂದ ರೈಲು ಹತ್ತಿ ತಪ್ಪಿಸಿಕೊಂಡವರು. 1849ರಲ್ಲಿ ಇಲ್ಲಿಯೇ ತೀರಿಕೊಂಡ ಕಥೆಗಾರ ಎಡ್ಗರ್ ಆಲನ್ ಪೋ ಅವರ ಸಮಾಧಿ ಊರಿನ ನಡುವೆ ಇದೆ.

ವಾಷಿಂಗ್ಟನ್ನಿಗೆ ಹಿಂದಿರುಗುವ ಮುನ್ನ ಪ್ರಾಟ್ ಬೀದಿಯ ಪುಟ್ಟ ಮನೆಯೊಂದನ್ನು ನೋಡಬೇಕು. ಕೋಟೆಯ ಮೇಲೆ ಹಾರಿದ 30 ಅಡಿ ಅಗಲ, 42 ಅಡಿ ಉದ್ದದ ಬಾವುಟವನ್ನು ಮೇರಿ ಪಿಕರ್ಸ್‌ಗಿಲ್ ಎಂಬ ವಿಧವೆ ಮಗಳು ಮತ್ತು ಸೋದರ ಸೊಸೆಯರೊಡನೆ ಹೊಲಿದದ್ದು ಈ ಮನೆಯಲ್ಲಿದ್ದಾಗ; ಹರಡಲು ಮನೆಯಲ್ಲಿ ಸ್ಥಳ ಸಾಲದೆ ಹತ್ತಿರದ ಮದ್ಯ ತಯಾರಿಸುವ ಕಟ್ಟಡದ ನೆಲವನ್ನು ಆಶ್ರಯಿಸಿದರು. ಆ ಬಾವುಟ ಮಾತ್ರ ಈಗ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆಯ ಚರಿತ್ರೆಯ ವಸ್ತುಸಂಗ್ರಹಾಲಯದಲ್ಲಿ, ಮಬ್ಬು ಬೆಳಕಿನ ಕೋಣೆಯಲ್ಲಿ, ಗಾಜಿನ ಹಿಂದೆ ಮಲಗಿದೆ, ಪ್ರವೇಶಕ್ಕೆ ಹಣವಿಲ್ಲ. ಅಭಿಮಾನಿಗಳಿಗೆ ನೆನಪಿನ ಕಾಣಿಕೆಯೆಂದು ಕತ್ತರಿಸಿ ಕತ್ತರಿಸಿ ಕೊಟ್ಟು 8 ಅಡಿಗಳಷ್ಟು ಕಳೆದುಹೋಗಿದೆ. 15 ನಕ್ಷತ್ರಗಳಲ್ಲಿ ಒಂದನ್ನೂ ಹೀಗೆಯೇ ಕತ್ತರಿಸಿ ಯಾರಿಗೋ ಕೊಟ್ಟರು. ಅದು ಯಾರ ಮನೆ ಸೇರಿತೆಂಬುದು ಇಂದಿಗೂ ಪತ್ತೆಯಾಗಿಲ್ಲ.