ಲಾಭದ ಲೆಕ್ಕಕ್ಕೆ ಮೊದಲು

ಹೊಸ ಉದ್ಯಮದ ಕನಸು ಕಾಣುವ ಯುವಕ ಯುವತಿಯರು ಇಂದು ನಮ್ಮ ಮನೆ ಮನೆಗಳಲ್ಲಿದ್ದಾರೆ. ಇದು ಸಂತೋಷದ ವಿಷಯ. ಮಾರುಕಟ್ಟೆಯನ್ನೂ ಪ್ರತಿಸ್ಪರ್ಧಿಗಳನ್ನೂ ಅವರು ಕೂಲಂಕಷವಾಗಿ ಅಧ್ಯಯನ ಮಾಡುತ್ತಾರೆ. ಆದರೆ ತಮ್ಮ ಮನಸ್ಸನ್ನು ಪರಿಶೀಲಿಸಲು ಬಿಡುವು ಮಾಡಿಕೊಳ್ಳುವವರು ಕಡಿಮೆ.

ಕೆಲವು ತಿಂಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬಂದಿದ್ದ. ಬೆಂಗಳೂರಿನಲ್ಲಿ ಸ್ಟಾರ್ಟ್‌ಅಪ್ ಆರಂಭಿಸುವ ಸಿದ್ಧತೆ. ಮಕ್ಕಳಿಗೆ ಗಣಿತ ಕಲಿಸುವ ಆ್ಯಪ್. ಬಂಡವಾಳಕ್ಕಾಗಿ ತಾಯಿಯ ಚಿನ್ನ ಅಡವಿಡುವ ಮಾತೂ ಆಗಿತ್ತು. "ಉಸ್ತಾದರೇ, ಓದಿ ನೋಡಿ, ದುಆ ಮಾಡಿ" ಎಂದು ಯೋಜನೆಯ ಕಾಗದಗಳನ್ನು ಕೈಗಿತ್ತ.

ಮೊದಲ ಪುಟದಲ್ಲಿ 'ಬಡ ಮಕ್ಕಳಿಗೂ ಉತ್ತಮ ಶಿಕ್ಷಣ' ಎಂದಿತ್ತು. ಐದನೆಯ ಪುಟದಲ್ಲಿ, ನಿಮ್ಮ ಮಗು ಹಿಂದುಳಿಯುತ್ತಿದೆ ಎಂದು ಹೆತ್ತವರಿಗೆ ಮತ್ತೆ ಮತ್ತೆ ಸಂದೇಶ ಕಳುಹಿಸಿ, ವರ್ಷದ ಶುಲ್ಕವನ್ನು ಒಮ್ಮೆಲೇ ಕಟ್ಟಿಸಿಕೊಳ್ಳುವ ವಿಧಾನವಿತ್ತು.

"ಇದರಲ್ಲಿ ನಿನ್ನ ನಿಯ್ಯತ್ ಯಾವುದು?" ಎಂದು ಕೇಳಿದೆ.

"ಮೊದಲನೆಯದು ನನ್ನದು. ಐದನೆಯದು ಮಾರುಕಟ್ಟೆಯದು" ಎಂದ.

ಆಗ ನಾನು ಅವನಿಗೆ ವಾಟ್ಸ್ಆ್ಯಪ್‌ನ ಕತೆ ಹೇಳಿದೆ. 2009ರಲ್ಲಿ ಆರಂಭವಾದ ಆ ಸಂಸ್ಥೆಯ ಸ್ಥಾಪಕರಾದ ಜಾನ್ ಕೂಮ್ ಮತ್ತು ಬ್ರಯಾನ್ ಆಕ್ಟನ್ ಜಾಹೀರಾತೇ ಬೇಡವೆಂದವರು. ಜಾಹೀರಾತು ಬಂದರೆ ಬಳಕೆದಾರನೇ ಮಾರಾಟದ ಸರಕಾಗುತ್ತಾನೆಂದು 2012ರಲ್ಲಿ ಕೂಮ್ ಬರೆದಿದ್ದರು. ಅವರು ಆರಿಸಿಕೊಂಡದ್ದು ವರ್ಷಕ್ಕೆ ಸುಮಾರು ಒಂದು ಡಾಲರ್ ಶುಲ್ಕದ ದಾರಿ. ಆದರೆ 2014ರಲ್ಲಿ ಸುಮಾರು 1,900 ಕೋಟಿ ಡಾಲರಿಗೆ ಸಂಸ್ಥೆಯನ್ನು ಫೇಸ್‌ಬುಕ್‌ಗೆ ಮಾರಿದರು. ಫೇಸ್‌ಬುಕ್‌ನ ಆದಾಯ ಬಹುಪಾಲು ಜಾಹೀರಾತಿನದ್ದೇ. 2016ರಲ್ಲಿ ಶುಲ್ಕ ರದ್ದಾಯಿತು. 2017ರಲ್ಲಿ ಆಕ್ಟನ್, ಕೈಗೆ ಬರಬೇಕಿದ್ದ ಸುಮಾರು 85 ಕೋಟಿ ಡಾಲರ್ ಬಿಟ್ಟು ಹೊರನಡೆದರು. ಬಳಕೆದಾರರ ಖಾಸಗಿತನವನ್ನು ತಾನು ಮಾರಿದೆನೆಂದು ಮರುವರ್ಷ ಒಪ್ಪಿಕೊಂಡರು. 2025ರಲ್ಲಿ ವಾಟ್ಸ್ಆ್ಯಪ್‌ನ ಸ್ಟೇಟಸ್ ವಿಭಾಗಕ್ಕೆ ಜಾಹೀರಾತು ತರುವುದಾಗಿ ಮಾತೃಸಂಸ್ಥೆ ಮೆಟಾ ಪ್ರಕಟಿಸಿತು.

ಅವರ ಆರಂಭದ ಸಂಕಲ್ಪ ಸುಳ್ಳಾಗಿತ್ತೆಂದು ನಾನು ಹೇಳಲಾರೆ. ಆದರೆ ಸಂಕಲ್ಪವನ್ನು ಒಮ್ಮೆ ಮಾಡಿ ಮರೆತುಬಿಡುವಂತಿಲ್ಲ. ಪ್ರತಿ ನಮಾಝಿಗೂ ಹೊಸದಾಗಿ ನಿಯ್ಯತ್ ಮಾಡುತ್ತೇವಲ್ಲವೇ? ಬೆಲೆ ಗೊತ್ತುಪಡಿಸುವಾಗ, ಪಾಲುದಾರರನ್ನು ಸೇರಿಸಿಕೊಳ್ಳುವಾಗ, ಇತರರ ಬಂಡವಾಳ ಪಡೆಯುವಾಗ ಕೂಡ ಹಾಗೆಯೇ ಮಾಡಬೇಕು. ಹಣ ಹಾಕಿದವನ ಉದ್ದೇಶ ನಿಧಾನವಾಗಿ ಅಂಗಡಿಯ ಉದ್ದೇಶವಾಗುತ್ತದೆ.

ಲಾಭ ಬಯಸುವುದು ತಪ್ಪಲ್ಲ. ಹೆಂಡತಿ ಮಕ್ಕಳನ್ನು ಸಾಕಲು ದುಡಿಯುವುದೂ ಸತ್ಕರ್ಮವೇ. ಆದರೆ ಲಾಭದಾಸೆಗೆ ಸೇವೆಯೆಂಬ ಹೆಸರಿಟ್ಟರೆ ನಾವು ಮೊದಲು ವಂಚಿಸುವುದು ನಮ್ಮನ್ನೇ. ಆದ್ದರಿಂದ ಯೋಜನೆ ಬರೆಯುವವರು ಕೆಲವು ಪ್ರಶ್ನೆಗಳನ್ನು ಒಂಟಿಯಾಗಿ ಕುಳಿತು ಕೇಳಿಕೊಳ್ಳಲಿ. ಈ ಕಾಗದಗಳನ್ನು ನನ್ನ ಗ್ರಾಹಕರಿಗೆ ಪೂರ್ತಿ ತೋರಿಸಬಲ್ಲೆನೇ? ಮದುವೆ ಮನೆಗಳಲ್ಲಿ ಹೇಳಿಕೊಳ್ಳಲಿಕ್ಕಾಗಿ ಈ ಸಾಹಸವೇ? ಇದೇ ಕೆಲಸವನ್ನು ಇನ್ನೊಬ್ಬರು ನನಗಿಂತ ಚೆನ್ನಾಗಿ ಮಾಡಿದರೆ ನನಗಾಗುವುದು ಸಂತೋಷವೇ, ಸಂಕಟವೇ?

ಸ್ಟಾರ್ಟ್‌ಅಪ್‌ಗೆ ಮೊದಲ ಬಂಡವಾಳ ಎಷ್ಟೋ ಸಲ ಮನೆಯಿಂದಲೇ ಹೋಗುತ್ತದೆ. ಕೊಡುವ ತಾಯಂದಿರೂ ಪತ್ನಿಯರೂ ಲಾಭವೆಷ್ಟೆಂದು ಕೇಳಲಿ. ಅದರ ಜೊತೆಗೆ, ಆ ಲಾಭ ಯಾರ ಕಣ್ಣೀರಿನಿಂದಲಾದರೂ ಬರುತ್ತದೆಯೇ ಎಂದೂ ಕೇಳಲಿ. ಹೊರಗಿನ ಹೂಡಿಕೆದಾರರು ಆ ಪ್ರಶ್ನೆ ಕೇಳದೇ ಇರಬಹುದು.