ರೋಗವೊಂದು, ಹೆಸರು ಹಲವು

ದಾವಣಗೆರೆಯ ಆಸ್ಪತ್ರೆಗಳಲ್ಲಿ ಸರದಿಗಾಗಿ ಕುಳಿತವರ ಮಾತನ್ನು ಕೇಳುವುದೂ ಒಂದು ವ್ಯಾಸಂಗವೆಂದು ನನಗೆ ಅನೇಕಸಾರಿ ತೋರಿದೆ. ಒಬ್ಬರು ತಮಗೆ 'ಶುಗರ್' ಎನ್ನುವರು, ಪಕ್ಕದ ಮುದುಕಿ 'ಸಕ್ಕರೆ ಕಾಯಿಲೆ'ಯೆನ್ನುವಳು, ಓದಿದವರು 'ಮಧುಮೇಹ'ವೆನ್ನುವರು, ಒಳಗೆ ವೈದ್ಯರು 'ಡಯಾಬಿಟಿಸ್' ಎಂದು ಬರೆಯುವರು. ಜನರ ನಡುವೆ ಇದರಿಂದ ಹಾನಿಯಿಲ್ಲ. ಹಾನಿಯುಂಟಾಗುವುದು ಗ್ರಂಥಭಂಡಾರದಲ್ಲಿ. ಅಲ್ಲಿ ಒಂದು ಹೆಸರಿನಿಂದ ಹುಡುಕಿದವನಿಗೆ ಮಿಕ್ಕ ಹೆಸರುಗಳಲ್ಲಿ ಬರೆದುದು ಸಿಕ್ಕುವುದಿಲ್ಲ.

ಈ ತೊಡಕನ್ನು ಬಿಡಿಸುವ ಯತ್ನ ಹಳೆಯದು. ಅಮೆರಿಕದ ಜಾನ್ ಷಾ ಬಿಲ್ಲಿಂಗ್ಸ್ ಎಂಬ ವೈದ್ಯರು 1879ರಲ್ಲಿ 'ಇಂಡೆಕ್ಸ್ ಮೆಡಿಕಸ್' ಎಂಬ ವೈದ್ಯಲೇಖನಸೂಚಿಯನ್ನು ಆರಂಭಿಸಿದರು. 1960ರಲ್ಲಿ ಅಲ್ಲಿಯ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯವು 'ಮೆಷ್' ಎಂಬ ವಿಷಯಪದಗಳ ಪಟ್ಟಿಯನ್ನು ಹೊರತಂದಿತು. ಲೇಖಕನು ಯಾವ ಪದವನ್ನೇ ಬಳಸಲಿ, ಸೂಚಿಕಾರನು ಲೇಖನವನ್ನೋದಿ ಅದನ್ನು ಗೊತ್ತಾದ ಶಿರೋನಾಮೆಯ ಕೆಳಗೆ ಸೇರಿಸುವನು. ಪ್ರತಿಯೊಂದು ವಿಷಯಕ್ಕೂ ಒಂದು ಗುರುತುಸಂಖ್ಯೆಯುಂಟು. ಪಟ್ಟಿಯು ಸ್ಪ್ಯಾನಿಷ್, ಪೋರ್ಚುಗೀಸ್ ಮೊದಲಾದ ಭಾಷೆಗಳಿಗೆ ಇಳಿದಾಗ ಹೆಸರು ಬದಲಾಯಿತು, ಗುರುತು ಬದಲಾಗಲಿಲ್ಲ. ನಮ್ಮ ಹರಿಹರದಲ್ಲಿ, 1224ರಲ್ಲಿ ಕಟ್ಟಿದ ಗುಡಿಯೊಳಗಿನ ಒಂದೇ ಮೂರ್ತಿಗೆ ಒಬ್ಬನು ಹರಿಯೆಂದೂ ಮತ್ತೊಬ್ಬನು ಹರನೆಂದೂ ಕೈಮುಗಿಯುವನು. ಕಾಣಿಕೆ ಸೇರುವುದು ಒಂದೇ ಸನ್ನಿಧಿಗೆ. ಇದೂ ಹಾಗೆಯೇ.

2022ರಿಂದ ಆ ಗ್ರಂಥಾಲಯದಲ್ಲಿ ಸೂಚಿಯ ಕಾರ್ಯವನ್ನು ಯಂತ್ರವೇ ಮಾಡುತ್ತಿದೆ; ಆಯ್ದ ಕೆಲವನ್ನು ಬಲ್ಲವರು ಪರಿಶೀಲಿಸುವರು. ಇಂತಹ ಯಂತ್ರದ ಮುಂದೆ ಕನ್ನಡದ ಬರಹವನ್ನಿಟ್ಟರೆ ಏನಾಗಬಹುದು? ಮಕ್ಕಳಿಗೆ ಕಿವಿಯ ಕೆಳಗೆ ಊತ ಬರುವ ರೋಗ 'ಮಂಗನಬಾವು'. 1957ರಲ್ಲಿ ಸೊರಬದ ಸೀಮೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟು, ಉಣುಗುಗಳಿಂದ ಹರಡುವ, ಪ್ರಾಣಾಂತಿಕವೂ ಆಗಬಹುದಾದ ಜ್ವರ 'ಮಂಗನ ಕಾಯಿಲೆ'. 'ಸರ್ಪಸುತ್ತಿ'ಗೂ ಹಾವಿಗೂ ಸಂಬಂಧವೇ ಇಲ್ಲ. ಅದು ಚರ್ಮದ ಮೇಲೆ ಏಳುವ ಗುಳ್ಳೆಗಳ ಬೇನೆ. ಅಕ್ಷರವನ್ನು ಮಾತ್ರ ಹೋಲಿಸುವ ಯಂತ್ರವು ಮೊದಲೆರಡನ್ನು ಒಂದುಗೂಡಿಸಿ, ಮೂರನೆಯದನ್ನು ಹಾವಿನ ಕಡಿತದೊಡನೆ ಇಟ್ಟೀತು. ಜ್ವರದ ವಾರ್ತೆಯು ಹೀಗೆ ಬಾವಿನ ಕಂತೆಯಲ್ಲಿ ಹೂತುಹೋದರೆ, ಅದನ್ನು ಹುಡುಕುವ ವೈದ್ಯನಿಗೆ ಸಕಾಲದಲ್ಲಿ ದೊರೆಯುವುದೆಂತು?

ಯಂತ್ರವನ್ನು ದೂಷಿಸಿ ಫಲವಿಲ್ಲ. ಮನುಷ್ಯರು ಹಿಂದೆ ಮಾಡಿಟ್ಟ ಸೂಚಿಯೇ ಅದರ ಗುರು. ನಾವು ಕಲಿಸದುದನ್ನು ಅದು ಅರಿಯಲಾರದು. ಜಗಳೂರಿನ ರೈತನೂ ಹೊನ್ನಾಳಿಯ ಸೂಲಗಿತ್ತಿಯೂ ಬೇನೆಗಳಿಗೆ ಕೊಡುವ ಹೆಸರುಗಳನ್ನು, ಅವರು ಹೇಳುವ ಲಕ್ಷಣಗಳೊಡನೆ, ವೈದ್ಯರ ನೆರವಿನಿಂದ ಸಂಗ್ರಹಿಸುವುದು ನಮ್ಮಂತಹ ಜಿಲ್ಲಾ ಸಂಘಗಳಿಗೆ ತಕ್ಕ ಕೆಲಸ. ಅದಕ್ಕೆ ಬೇಕಾದುದು ಒಂದು ದಪ್ಪ ಪುಸ್ತಕ, ಒಂದು ಲೇಖನಿ, ಮತ್ತು ಕೇಳುವ ತಾಳ್ಮೆ.