ಪಾಲಿನ ಹೇಟೆ

ಕೊಕ್ಕರೆ ರೋಗ ಬಂದ ಒಡ್ಡಿಯಲ್ಲಿ ಕೋಳಿ ಉಳಿಯುವುದು ಅಪರೂಪ. ಸಂಜೆ ಮೇವು ಬಿಟ್ಟು ರೆಕ್ಕೆ ಇಳಿಬಿಟ್ಟು ನಿಂತ ಕೋಳಿ ಹಸಿರು ಹಿಕ್ಕೆ ಹಾಕುತ್ತದೆ, ಬಾಯಿ ತೆರೆದು ಉಸಿರೆಳೆಯುತ್ತದೆ, ಕೆಲವಕ್ಕೆ ಕತ್ತು ತಿರುಚಿಕೊಳ್ಳುತ್ತದೆ. ಕೋಣಂದೂರಿನ ನಮ್ಮ ತೋಟದ ಮನೆಗೆ ಅದು ಬಂದದ್ದು ಯುಗಾದಿಯ ಆಸುಪಾಸಿನಲ್ಲಿ. ಹುಂಜ, ಹೇಟೆ, ಹೂಮರಿ ಎಲ್ಲವನ್ನೂ ತೋಟದಾಚೆ ಆಳವಾಗಿ ಗುಂಡಿ ತೆಗೆದು ಸುಣ್ಣ ಹಾಕಿ ಹುಗಿದೆವು.

ನಮ್ಮದು ಕೋಳಿ ಸಾಕಿ ಬದುಕುವ ಮನೆಯಲ್ಲ. ಅಡಿಕೆ ಇದೆ, ಅಷ್ಟಿಷ್ಟು ಗದ್ದೆ ಇದೆ. ಕೋಳಿ ಬೇಕಾಗುವುದು ನೆಂಟರು ಬಂದಾಗ ಕಡುಬಿನ ಜೊತೆ ಸಾರಿಗೆ, ದೀಪಾವಳಿಯಲ್ಲಿ ನೋನಿಯ ಬಲಿಗೆ. ಹಾಗಂತ ಕೋಳಿಯಿಲ್ಲದ ಅಂಗಳದಲ್ಲಿ ಇರುವುದು ಸುಲಭವಲ್ಲ. ಉಳಿದ ಅನ್ನ ಎಲ್ಲಿ ಚೆಲ್ಲುವುದೆಂದು ಅವ್ವನಿಗೆ ತೋಚುತ್ತಿರಲಿಲ್ಲ.

ಒಡ್ಡಿಯ ಹುಲ್ಲು ಸುಟ್ಟು, ಸುಣ್ಣ ಬಳಿದು ಮಳೆಗಾಲವಿಡೀ ಖಾಲಿ ಬಿಟ್ಟೆವು. ರೋಗದ ವಿಷ ಬಿಸಿಲಿಗೆ ಬೇಗ ಸಾಯುತ್ತದೆ, ತಂಪಿನಲ್ಲಿ, ತೇವದಲ್ಲಿ ಹೆಚ್ಚು ದಿನ ಉಳಿಯುತ್ತದೆ. ನಮ್ಮ ಸೀಮೆಯ ಆಷಾಢದಲ್ಲಿ ಬಿಸಿಲು ಎಲ್ಲಿಂದ ತರುವುದು?

ಮಳೆ ಹೊಳವಾದ ಮೇಲೆ ಗಿರಿರಾಜ ಮರಿ ತಂದೆವು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು 1989ರಲ್ಲಿ ಹೊರತಂದ ಈ ತಳಿ ಒಳ್ಳೆಯದೇ. ನಾಟಿಗಿಂತ ಬೇಗ ತೂಕ ಬರುತ್ತದೆ, ಮೊಟ್ಟೆಯೂ ಹೆಚ್ಚು. ಆದರೆ ತಾಯಿಯಿಲ್ಲದೆ ಬಲ್ಬಿನ ಬಿಸಿಯಲ್ಲಿ ಬೆಳೆದ ಆ ಮರಿಗಳಿಗೆ ಆಕಾಶ ನೋಡುವುದು ಗೊತ್ತಿರಲಿಲ್ಲ. ಗಿಡುಗನ ನೆರಳು ಅಂಗಳದ ಮೇಲೆ ಹಾದರೂ ಮೇಯುತ್ತಲೇ ಇದ್ದವು. ಹಗಲಲ್ಲಿ ಗಿಡುಗ ಒಯ್ದದ್ದು ಕೆಲವು, ಬೇಲಿ ಸಂದಿಯಿಂದ ಮುಂಗುಸಿ ಎಳೆದದ್ದು ಕೆಲವು. ಉಳಿದು ಬೆಳೆದ ಹೇಟೆಗಳು ಮೊಟ್ಟೆಯಿಟ್ಟವು, ಕಾವಿಗೆ ಕೂರಲಿಲ್ಲ. ಆ ಗುಣವನ್ನು ತಳಿಯಿಂದ ಕಳೆದದ್ದಕ್ಕೇ ಮೊಟ್ಟೆ ಹೆಚ್ಚು. ಹೀಗಾದರೆ ಪ್ರತಿ ಸಲವೂ ಮರಿ ಕೊಂಡೇ ತರಬೇಕು.

ಅಷ್ಟರಲ್ಲಿ ಕೇರಿಯ ಕೊನೆಯ ಮನೆ ಅಕ್ಕ ಮಂಕರಿಯಲ್ಲಿ ಒಂದು ಬೂದು ಹೇಟೆ ಮುಚ್ಚಿಕೊಂಡು ಬಂದರು. "ಇದು ನಿಮ್ಮನೇದೇ ಕಣೋ ತಮ್ಮಾ. ನಿಮ್ಮವ್ವ ಪಾಲಿಗೆ ಕೊಟ್ಟಿದ್ಳಲ್ಲ, ಅದರ ಮರೀದು ಮರಿ. ಇಟ್ಕೋ, ಮರಿ ಆದ್ರೆ ಅರ್ಧ ನಂಗೆ."

ಅವ್ವ ಯಾರಿಗೆ ಯಾವಾಗ ಕೊಟ್ಟಳೋ, ಅವಳೇ ಮರೆತಿದ್ದಳು. ನಮ್ಮ ಒಡ್ಡಿಯಲ್ಲಿ ಅಳಿದ ಸಂತಾನ ಪಾಲಿನ ನೆಪದಲ್ಲಿ ಇನ್ನೊಬ್ಬರ ಹಿತ್ತಿಲಲ್ಲಿ ಬದುಕಿತ್ತು.

ಭತ್ತದ ಹುಲ್ಲಿನ ಬುಟ್ಟಿಯಲ್ಲಿ ಮೊಟ್ಟೆ ಜೋಡಿಸಿ, ಗುಡುಗಿಗೆ ಕೆಡದಿರಲೆಂದು ಒಂದು ಕಬ್ಬಿಣದ ಚೂರನ್ನೂ ಇದ್ದಿಲನ್ನೂ ಇಟ್ಟು ಅವ್ವ ಹೇಟೆಯನ್ನು ಕೂರಿಸಿದಳು. ವಾರ ಕಳೆದ ಮೇಲೆ ಒಂದೊಂದೇ ಮೊಟ್ಟೆಯನ್ನು ಟಾರ್ಚಿಗೆ ಹಿಡಿದು, ಒಳಗೆ ಕೆಂಪು ನರ ಹರಿದದ್ದನ್ನು ಉಳಿಸಿ, ತಿಳಿಯಾಗಿ ಕಂಡದ್ದನ್ನು ತೆಗೆದಿಟ್ಟಳು. ಹೇಟೆ ದಿನಕ್ಕೊಮ್ಮೆ ಎದ್ದು ನುಚ್ಚು ತಿಂದು, ನೀರು ಕುಡಿದು, ಬೂದಿಯಲ್ಲಿ ಗಡಿಬಿಡಿಯಲ್ಲೇ ಹೊರಳಿ ಮತ್ತೆ ಬುಟ್ಟಿ ಸೇರುತ್ತಿತ್ತು. ಕೂರುವ ಮೊದಲು ಕೊಕ್ಕಿನಿಂದ ಪ್ರತಿ ಮೊಟ್ಟೆಯನ್ನೂ ಮೆಲ್ಲಗೆ ಹೊರಳಿಸಿ, ಅಂಚಿನದನ್ನು ನಡುವಿಗೆ ತಂದುಕೊಳ್ಳುತ್ತಿತ್ತು. 21ನೆಯ ದಿನಕ್ಕೆ ಚಿಪ್ಪೊಡೆಯಿತು.

ಆಮೇಲೆ ನಾನು ನೋಡಿದ್ದನ್ನು ಯಾವ ಮರಿ ಕೇಂದ್ರವೂ ಮಾರಲಾರದು. ಹಿತ್ತಿಲಿಂದ ಗೆದ್ದಲಿನ ಹೆಂಟೆ ತಂದು ಒಡೆದರೆ ಹೇಟೆ ತಾನು ತಿನ್ನದೆ ಕೊಕ್ಕಲ್ಲಿ ಎತ್ತಿ ಎತ್ತಿ ಹಾಕಿ ಮರಿಗಳನ್ನು ಕರೆಯಿತು. ಗಿಡುಗ ಕಂಡಾಗ ಗಂಟಲಲ್ಲೇ ಒಂದು ಎಳೆದ ದನಿ ತೆಗೆಯಿತು, ಮರಿಗಳೆಲ್ಲ ಕಾಫಿಗಿಡದ ಬುಡಕ್ಕೆ. ಅಚ್ಚರಿಯೆಂದರೆ ಬೆಳೆದ ಗಿರಿರಾಜಗಳೂ ಕ್ರಮೇಣ ಆ ದನಿಗೆ ಓಡಲು ಕಲಿತವು.

ಕೊಕ್ಕರೆ ರೋಗದ ಲಸಿಕೆಯೂ ಕೇರಿಯ ಕೆಲಸವೇ. ಒಂದು ಸೀಸೆ ಸಾಮಾನ್ಯವಾಗಿ 100 ಕೋಳಿಗೆ ಆಗುವಷ್ಟಿರುತ್ತದೆ, ಐಸಿನಲ್ಲೇ ತರಬೇಕು, ಕಲಸಿದ ಮೇಲೆ ಒಂದೆರಡು ತಾಸಿನಲ್ಲಿ ಮುಗಿಸಬೇಕು. ಒಂದು ಮನೆಯ ಹತ್ತು ಕೋಳಿಗೆ ಯಾರು ತಂದಾರು? ಅದಕ್ಕೇ ಈಗ ಎಲ್ಲ ಮನೆಯವರೂ ಒಂದೇ ಬೆಳಿಗ್ಗೆ ಒಡ್ಡಿ ತೆಗೆಯದೆ ಕಾಯುತ್ತೇವೆ. ವಾರದ ಮರಿಗೆ ಕಣ್ಣಿಗೊಂದು ಹನಿ, ಎರಡು ತಿಂಗಳು ತುಂಬಿದ್ದಕ್ಕೆ ರೆಕ್ಕೆಯಡಿ ಸೂಜಿ.

ಅಕ್ಕನ ಅರ್ಧ ಪಾಲು ಲಸಿಕೆ ಮುಗಿದ ಮೇಲೆ ಸಂದಾಯವಾಯಿತು. ರಿಪ್ಪನ್‌ಪೇಟೆಯ ತಂಗಿಯೂ ಒಂದು ಹೇಟೆ ಕೇಳಿದ್ದಾಳೆ. ಸುಮ್ಮನೆ ಕೊಡೆಂದಳು. ಸುಮ್ಮನೆ ಕೊಡುವುದಿಲ್ಲ, ಪಾಲಿಗೇ ಕೊಡುತ್ತೇನೆ.